ಒಂದು ಗೇಣು ಜಾಗ

ಹಿರಿಯ ಚಿತ್ರಗಾರ ಕರೋ ಎಂಬವನ ಬಾಯಿಂದ "ಸರಿಯಾಗಿದೆ" ಎಂಬ ಮಾತು ಬಂದದ್ದನ್ನು ಕೇಳಿದವರು ಆ ಊರಲ್ಲಿ ಯಾರೂ ಇರಲಿಲ್ಲ. ರಾಜರ ಗೋರಿಗಳನ್ನು ಕೊರೆದು ಚಿತ್ರ ಬರೆಯುವವರದೇ ಊರು ಅದು. ಕಿರಿಯರು ಮೊದಲು ಗೋಡೆಯ ಮೇಲೆ ಕೆಂಪಿನಲ್ಲಿ ಬರೆಯುತ್ತಿದ್ದರು. ಆಮೇಲೆ ಕರೋ ಬಂದು ದೀಪ ಎತ್ತಿ ಹಿಡಿದು, ತಪ್ಪಿದ್ದಲ್ಲಿ ಕಪ್ಪು ಗೆರೆ ಎಳೆಯುತ್ತಿದ್ದ. ಕಪ್ಪು ಬಿತ್ತೆಂದರೆ ಮುಗಿಯಿತು, ಅದರಡಿಯ ಕೆಂಪನ್ನು ಕೇಳುವವರಿಲ್ಲ. ತಪ್ಪಿಲ್ಲದಿದ್ದರೆ ಸುಮ್ಮನೆ ಮುಂದಿನ ಗೋಡೆಗೆ ಹೋಗುತ್ತಿದ್ದ. ಆ ಮೌನವೇ ಹೊಗಳಿಕೆ ಎಂದು ಉಳಿದವರು ತಿಳಿದುಕೊಂಡಿದ್ದರು. ಅವನ ಮಗ ನಖ್ತಮಿನ ಮಾತ್ರ ಎಂಟು ವರ್ಷ ಅಪ್ಪನ ಕೈಕೆಳಗೆ ದುಡಿದೂ ಒಂದು ಮಾತಿಗೆ ಕಾಯುತ್ತಲೇ ಇದ್ದ.

ಕರೋನ ಹೆಂಡತಿ ಹುನೆರೋ ಹೋದ ವರ್ಷ ನದಿ ತುಂಬಿ ಹರಿಯುವ ಹೊತ್ತಿಗೆ ತೀರಿಕೊಂಡಿದ್ದಳು. ಊರ ಮೇಲಿನ ಗುಡ್ಡದಲ್ಲಿ, ಕರೋ ತನ್ನ ಮನೆಯವರಿಗೆಂದು ತೋಡಿಸಿದ್ದ ಗೋರಿಯಲ್ಲಿ ಅವಳನ್ನು ಮಲಗಿಸಿದ್ದರು. ಅದರ ಮೇಲಿನ ಕೋಣೆಯ ಗೋಡೆ ಇನ್ನೂ ಬರಿದಾಗಿತ್ತು. ಹತ್ತು ದಿನಕ್ಕೊಮ್ಮೆ ಸಿಗುವ ಬಿಡುವಿನಲ್ಲಿ ನಖ್ತಮಿನ ಅಲ್ಲಿ ಅವ್ವನನ್ನು ಬರೆಯತೊಡಗಿದ. ಚಿತ್ರದಲ್ಲಿ ಹುನೆರೋ ಕುರ್ಚಿಯಲ್ಲಿ ಕೂತಿದ್ದಳು. ಎದುರಿನ ಮೇಜಿನ ತುಂಬ ರೊಟ್ಟಿ, ಬಾತುಕೋಳಿ, ಈರುಳ್ಳಿ, ಅಂಜೂರ. ಆದರೆ ಅವಳು ಚಾಚಿದ ಕೈಗೂ ರೊಟ್ಟಿಗೂ ನಡುವೆ ಒಂದು ಗೇಣು ಬರೀ ಗೋಡೆ.

ನೋಡಿದ ಕೂಡಲೇ ಕರೋನ ಪಿತ್ತ ನೆತ್ತಿಗೇರಿತು. ಗೋರಿಯ ಗೋಡೆಯ ಮೇಲಿನ ಕೈ ಎಲ್ಲಿಯವರೆಗೆ ಮುಟ್ಟುತ್ತದೋ ಸತ್ತವರಿಗೆ ಸಿಗುವುದು ಅಷ್ಟೇ. ಇದು ಆ ಊರಿನಲ್ಲಿ ಮಣ್ಣು ಕಲಸುವವನಿಗೂ ಗೊತ್ತು.

"ಹೆತ್ತೋಳನ್ನ ಉಪವಾಸ ಕೆಡವಿದೀಯಲ್ಲೋ" ಎಂದ, ಅಕ್ಕಪಕ್ಕದ ಗೋರಿಗಳಲ್ಲಿ ಕೆಲಸ ಮಾಡುತ್ತಿದ್ದವರಿಗೆಲ್ಲ ಕೇಳುವಂತೆ. "ಕೋಟಿ ವರ್ಷ ಆ ರೊಟ್ಟಿ ನೋಡ್ಕೊಂಡೇ ಕೂತಿರ್ಬೇಕಾ ನಿಮ್ಮವ್ವ?"

ಪಕ್ಕದಲ್ಲಿ ಸುಣ್ಣ ಬಳಿಯುತ್ತಿದ್ದವನೊಬ್ಬ, ಅವ್ವನ ಕೈಗೊಂದು ದೋಟಿ ಬರೆದುಕೊಡು ಮಾರಾಯ, ಎಳ್ಕೊಂಡು ತಿಂತಾಳೆ ಎಂದ. ಎಲ್ಲರೂ ನಕ್ಕರು. ನಖ್ತಮಿನನ ಕಿವಿ ಕೆಂಪಾಯಿತು.

"ನಾಳೆ ಬಂದು ನೋಡಪ್ಪ" ಎಂದ. "ಅಲ್ಲೀವರ್ಗೂ ಕಪ್ಪು ಹಚ್ಬೇಡ."

ಏಕೆ ಎಂದು ಕರೋ ಕೇಳಲಿಲ್ಲ. ಇವನೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬಹುದಿತ್ತು, ಆದರೆ ಅವನೂ ಕರೋನ ಮಗನೇ ತಾನೆ.

ಮಾರನೆಯ ದಿನ ಬೆಳಿಗ್ಗೆ ನಖ್ತಮಿನ ಗೋರಿಯ ಬಾಗಿಲಲ್ಲಿ ಬುಟ್ಟಿ ಎತ್ತಿದಾಗ ಅದರಡಿಯಲ್ಲಿದ್ದ ಚೇಳು ಕುಟುಕಿತು. ಚೇಳು ಕಡಿದವರು ಆ ಊರಲ್ಲಿ ಎರಡು ದಿನ ಮಲಗಿ ಮೂರನೆಯ ದಿನ ಕೆಲಸಕ್ಕೆ ಹೋಗುವುದೇ ಹೆಚ್ಚು. ಇವನು ಸಂಜೆಯನ್ನೂ ಕಾಣಲಿಲ್ಲ. ಇಪ್ಪತ್ತಮೂರು ವರ್ಷದ ಗಟ್ಟಿಮುಟ್ಟಾದ ಹುಡುಗ.

ಹೆಣವನ್ನು ಉಪ್ಪಿನಲ್ಲಿಟ್ಟು ಒಣಗಿಸಿ ನಾರುಬಟ್ಟೆ ಸುತ್ತುವವರು ಹೊಳೆಯ ದಡದಿಂದ ಬಂದು ಅವನನ್ನು ಕೊಂಡೊಯ್ದರು. ಎಪ್ಪತ್ತನೆಯ ದಿನ ಮಗ ಅವ್ವನ ಪಕ್ಕದಲ್ಲಿ ಮಲಗಲು ಬರುತ್ತಾನೆ. ಅಷ್ಟರೊಳಗೆ ಗೋಡೆ ಮುಗಿಯಬೇಕು. ಕರೋ ಮೂವತ್ತು ದಿನ ಆ ಕಡೆ ಸುಳಿಯಲಿಲ್ಲ. ಮೂವತ್ತೊಂದನೆಯ ದಿನ ಕುಂಚ ಹಿಡಿದು ಗುಡ್ಡ ಹತ್ತಿದ. ಮಗ ಬೇಡ ಎಂದಿದ್ದು ನೆನಪಿತ್ತು. ಆದರೆ ಹೆಂಡತಿಯ ಹಸಿವು ದೊಡ್ಡದೋ ಸತ್ತ ಹುಡುಗನ ಹಟ ದೊಡ್ಡದೋ? ಹುನೆರೋಳ ತೋಳನ್ನು ಒಂದು ಗೇಣು ಉದ್ದ ಮಾಡಿ, ಬೆರಳುಗಳನ್ನು ರೊಟ್ಟಿಯ ಮೇಲಿಟ್ಟ. ಒಂದೇ ಎಳೆತದ ಕಪ್ಪು ಗೆರೆ, ಎಲ್ಲೂ ಅಳುಕಲಿಲ್ಲ. ಕರೋನ ಕೈಯೆಂದರೆ ಕೈ.

ಮನೆಗೆ ಬಂದು ಮಗಳು ತೂಯಿಯನ್ನು ನೀರು ಕೇಳಿದ. ಅವಳು ಹರವಿಯ ಬಾಯಿಗೆ ಮುಚ್ಚಿದ್ದ ಚಪ್ಪಟೆ ಕಲ್ಲುಚೂರನ್ನು ತೆಗೆದು ನೆಲಕ್ಕಿಟ್ಟಳು. ಅಂಥ ಸುಣ್ಣಕಲ್ಲಿನ ಚೂರುಗಳಿಗೆ ಅಲ್ಲೇನು ಬರವೇ, ಎಲ್ಲರೂ ಅದರ ಮೇಲೇ ಗೀಚಿ ಕೈ ಪಳಗಿಸುವುದು. ಅಣ್ಣನ ಬುಟ್ಟಿಯಲ್ಲಿತ್ತು, ಅಳತೆಗೆ ಸರಿಹೋಯಿತು ಎಂದು ತಂದು ಮುಚ್ಚಿದ್ದಳು. ಈಗ ಅದು ಅಡಿಮೇಲಾಗಿ ಬಿದ್ದಿತ್ತು. ಇಷ್ಟು ದಿನ ಕೆಳಗಿದ್ದ ಮೈಯಲ್ಲಿ ಕೆಂಪು ಗೆರೆಗಳಿದ್ದವು.

ಕರೋ ಅದನ್ನು ಕೈಗೆತ್ತಿಕೊಂಡ. ಅದೇ ಕುರ್ಚಿ, ಅದೇ ಮೇಜು, ಹಾಗೇ ಚಾಚಿದ ಹುನೆರೋಳ ಕೈ. ನಡುವಿನ ಆ ಒಂದು ಗೇಣು ಜಾಗದಲ್ಲಿ ನಖ್ತಮಿನ ನಿಂತಿದ್ದ. ಅವನ ಒಂದು ಕೈ ರೊಟ್ಟಿಯ ಮೇಲಿತ್ತು. ಇನ್ನೊಂದು ಕೈ ತುತ್ತನ್ನು ಅವ್ವನ ಬಾಯಿಗೆ ಹಿಡಿದಿತ್ತು.

ತೂಯಿ ಬಗ್ಗಿ ನೋಡಿದಳು. "ಅವ್ವಂಗೆ ಕೊನೇಲಿ ಕೈ ಎತ್ತೋಕೇ ಆಗ್ತಿರ್ಲಿಲ್ಲ" ಎಂದಳು. "ಅಣ್ಣಾನೇ ತಿನ್ನಿಸ್ತಿದ್ದ. ನಿಂಗೆಲ್ಲಿ ಗೊತ್ತು ಅಪ್ಪಾ, ನೀನು ಆವಾಗ ರಾಜನ ಗೋರೀಲಿದ್ದೆ."

ಮಗಳು ಚುಚ್ಚಬೇಕೆಂದು ಆಡಿದ ಮಾತಲ್ಲ, ಇದ್ದದ್ದನ್ನು ಹೇಳಿದಳು. ಕರೋ ಅವಳು ಕೊಟ್ಟ ನೀರು ಕುಡಿಯದೆ ಚೊಂಬನ್ನು ಹಾಗೇ ಕೆಳಗಿಟ್ಟ. ಮಗನಿಗೆಂದಿದ್ದ ಜಾಗದಲ್ಲಿ ತನ್ನ ಕಪ್ಪು ಗೆರೆ ಒಣಗುತ್ತಿತ್ತು. ಅವನು ಎಷ್ಟು ಅತ್ತನೆಂದರೆ, ಅಪ್ಪ ಅಳುವುದನ್ನು ಕಂಡಿರದ ತೂಯಿಗೆ ಹೆದರಿಕೆಯಾಯಿತು.

ಕರೋನ ಗೆರೆಯನ್ನು ತಿದ್ದುವ ಧೈರ್ಯ ಇನ್ನೊಬ್ಬನಿಗಿರಲಿಲ್ಲ. ಅವನೇ ತಿದ್ದಬೇಕಾಯಿತು. ಗಾರೆ ಕಲಸಿ, ಬೆರಳಿನಿಂದಲೇ ಆ ಉದ್ದದ ತೋಳಿನ ಮೇಲೆ ಬಳಿದ. ಕಪ್ಪು ಹಟಮಾರಿ ಬಣ್ಣ, ಬೂದಿಯ ಎಳೆಯಂತೆ ಮೇಲೆ ಮೇಲೆ ತೋರುತ್ತಿತ್ತು. ಮೂರು ಸಲ ಬಳಿದ ಮೇಲೆ ಮರೆಯಾಯಿತು. ಆಮೇಲೆ ಕಲ್ಲುಚೂರನ್ನು ಪಕ್ಕದಲ್ಲಿಟ್ಟುಕೊಂಡು, ಮೂವತ್ತು ವರ್ಷದಿಂದ ಮುಟ್ಟದಿದ್ದ ಕೆಂಪಿನಲ್ಲಿ ಕುಂಚ ಅದ್ದಿದ. ಮಗನ ಹೆಗಲು, ಮೊಣಕೈ, ತುತ್ತು ಹಿಡಿದ ಬೆರಳು, ಒಂದನ್ನೂ ತನ್ನಿಷ್ಟದಂತೆ ಬರೆಯಲಿಲ್ಲ. ಚೂರಿನಲ್ಲಿದ್ದ ಹಾಗೇ ಬರೆದ. ಮೂಗು ಮಾತ್ರ ಸೊಟ್ಟಗಾಯಿತು. ಹಾಗೇ ಬಿಟ್ಟ.

ಎಪ್ಪತ್ತನೆಯ ದಿನ ನಖ್ತಮಿನನ ಪೆಟ್ಟಿಗೆ ಗುಡ್ಡ ಹತ್ತಿ ಬಂತು. ಹೆಂಗಸರು ತಲೆಗೆ ಮಣ್ಣು ಸುರಿದುಕೊಂಡು ಗೋಳಾಡಿದರು. ಪೆಟ್ಟಿಗೆಯನ್ನು ಗೋರಿಯ ಬಾಗಿಲಲ್ಲಿ ನೆಟ್ಟಗೆ ನಿಲ್ಲಿಸಿದರು. ಒಳಗೆ ಇಣುಕಿದ ಮೇಸ್ತ್ರಿ, ಎಲ್ಲ ಕೆಂಪೇ ಇದೆಯಲ್ಲ ಕರೋ, ಕಪ್ಪು ಹಾಕೋದು ಯಾವಾಗ ಎಂದು ಮೆಲ್ಲಗೆ ಕೇಳಿದ. ಕರೋ ಪೂಜಾರಿಯ ಕೈಯನ್ನೇ ನೋಡುತ್ತಿದ್ದ. ಪೂಜಾರಿ ಶಾಸ್ತ್ರದಂತೆ, ಮರ ಕೆತ್ತುವ ಪುಟ್ಟ ಬಾಚಿಯಿಂದ ಪೆಟ್ಟಿಗೆಯ ಮೇಲೆ ಕೊರೆದ ಮುಖವನ್ನು ಮುಟ್ಟಿ ಬಾಯಿ ತೆರೆಸಿದ, ಕಣ್ಣು ತೆರೆಸಿದ, ಕೊನೆಗೆ ಕಿವಿ ತೆರೆಸಿದ. ಇನ್ನು ಸತ್ತವನಿಗೆ ಕೇಳಿಸುತ್ತದೆ.

ಇದೊಂದಕ್ಕೇ ಕಾದಿದ್ದವನಂತೆ ಕರೋ ಜನರನ್ನು ಸರಿಸಿ ಮುಂದೆ ಬಂದ. ಪೆಟ್ಟಿಗೆಯ ಕಿವಿಗೆ ಬಾಯಿ ಹತ್ತಿರ ತಂದ.

"ಸರಿಯಾಗಿದೆ ಮಗಾ" ಎಂದ. "ಗೋಡೆ ಸರಿಯಾಗಿದೆ. ಅವತ್ತೇ ಸರಿಯಾಗಿತ್ತು."

ಪೆಟ್ಟಿಗೆಯ ಮೇಲೆ ಬರೆದ ಕಣ್ಣುಗಳು ಅವನ ಹೆಗಲಾಚೆಗೆ, ಊರಿನ ಕಡೆ ನೋಡುತ್ತಿದ್ದವು. ಕರೋ ಇನ್ನೊಮ್ಮೆ ಹೇಳಿದ. ಒಳಗಿಳಿಸಲು ಎತ್ತಿಕೊಂಡಾಗಲೂ ಜೊತೆಜೊತೆಗೇ ನಡೆಯುತ್ತ, ಹೇಳುತ್ತಲೇ ಇದ್ದ.