ಬಲಗಡೆಯ ಹಿಡಿಕೆ

ಹಾಲವ್ವ ಸಾಯುವ ಮೊದಲು ಗಂಡನಿಂದ ಒಂದೇ ಒಂದು ಮಾತು ತೆಗೆದುಕೊಂಡಿದ್ದಳು. ಮಗ ಯಲ್ಲಾಲಿಂಗನನ್ನು ಇನ್ನು ಮೇಲೆ ಬಿಲ್ಡಿಂಗ್ ಕೆಲಸಕ್ಕೆ ಹತ್ತಿಸಬಾರದು. ವಿಕ್ರೋಳಿಯಲ್ಲಿ ಅವನ ಜೋಡಿ ಸೆಂಟ್ರಿಂಗ್ ಮಾಡುತ್ತಿದ್ದ ಹುಡುಗನೊಬ್ಬ ಹದಿನಾಲ್ಕನೆಯ ಮಾಳಿಗೆಯಿಂದ ಬಿದ್ದ ದಿನದಿಂದ ಅವಳಿಗೆ ನಿದ್ದೆ ಇರಲಿಲ್ಲ.

"ನೆಲದ ಮ್ಯಾಲ ನಿಂತು ಮಾಡೂ ಕೆಲಸ ಯಾವುದರ ಹಚ್ಚಿಕೊಡ್ರಿ. ಕೈಕಾಲು ನೆಟ್ಟಗಿಟ್ಟುಕೊಂಡು ಸಂಜೀಕ ಮನೀಗೆ ಬಂದ್ರ ಸಾಕು," ಎಂದಳು. ಅಣವೀರಪ್ಪ ಅವಳ ಅಂಗೈಯಲ್ಲಿ ಕೈಯಿಟ್ಟು ಹೂಂ ಎಂದ.

ಅವಳ ಮಣಿಕಟ್ಟಿನಲ್ಲಿ ಅವನೇ ಊರಿನಿಂದ ತರಿಸಿ ಕಟ್ಟಿದ್ದ ದೇವಿಯ ದಾರವಿತ್ತು. ಮರುದಿನ ಸಲೈನಿನ ಸೂಜಿ ಚುಚ್ಚುವಾಗ ನರ್ಸು ಅದನ್ನು ಕತ್ತರಿಸಿದಳು. ಮೂರನೆಯ ದಿನ ಹಾಲವ್ವ ಹೋದಳು. ರೋಗ ಕೈಮೀರಿದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಅದು ಅಣವೀರಪ್ಪನಿಗೂ ಗೊತ್ತಿತ್ತು. ಆದರೂ ಆ ಕತ್ತರಿಯ ಸದ್ದು ಅವನ ಕಿವಿ ಬಿಟ್ಟು ಹೋಗಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ಅವಳ ಬಂಗಾರದ ಬೋರಮಾಳ ಮಾರಿದರು. ಕಟ್ಟಿಗೆಯ ವ್ಯಾಪಾರ ಮಾಡೋಣ ಎಂಬ ಯೋಚನೆ ಯಲ್ಲಾಲಿಂಗನದು. ಮಳೆಗಾಲದಲ್ಲಿ ಹೌಸಿಂಗ್ ಸೊಸೈಟಿಗಳ ಅಂಗಳದಲ್ಲಿ ಬಿದ್ದು ಒಣಗಿದ್ದ ಮರಗಳನ್ನು ಗುತ್ತಿಗೆದಾರರು ಅಗ್ಗಕ್ಕೆ ಕೊಡುತ್ತಿದ್ದರು. ಅವುಗಳನ್ನು ತುಂಡು ಮಾಡಿ, ಸೀಳಿ ಕೊಟ್ಟರೆ ಕೊಳ್ಳುವವರು ಇದ್ದರು. ಅಂಧೇರಿಯಲ್ಲಿ ಮದುವೆ ಅಡುಗೆಯ ಗುತ್ತಿಗೆ ಹಿಡಿಯುವ ಉಡುಪಿ ಕಡೆಯ ಅಣ್ಣು ಶೇಟ್ ಮೊದಲ ಗಿರಾಕಿಯಾಗಲು ಒಪ್ಪಿದ್ದ. ಗ್ಯಾಸಿನ ಮೇಲೆ ಕುದಿಸಿದ ಸಾರು ಆಸ್ಪತ್ರೆಯ ಕಷಾಯ ಇದ್ದ ಹಾಗೆ ಎಂಬುದು ಅವನ ಮಾತು. ಜೋಗೇಶ್ವರಿಯಲ್ಲಿ ಸಣ್ಣ ಕಾರ್ಖಾನೆಗಳ ಹಿಂದೆ ತಗಡಿನ ಶೆಡ್ಡೊಂದು ಬಾಡಿಗೆಗೆ ಸಿಕ್ಕಿತು.

ಇನ್ನು ಸಾಮಾನು. ಅಣವೀರಪ್ಪನ ಲೆಕ್ಕದಲ್ಲಿ ಎರಡು ಕೊಡಲಿ, ನಾಲ್ಕು ಕಬ್ಬಿಣದ ಬೆಣೆ, ಒಂದು ದೊಡ್ಡ ಸುತ್ತಿಗೆ ಇದ್ದರೆ ಸಾಕಿತ್ತು. ಹಾಗೆ ಕಡಿದರೆ ಅಣ್ಣು ಶೇಟ್‌ನ ಒಂದು ಮದುವೆಗೇ ಎಂಟು ದಿನ ಬೇಕು ಎಂದು ಮಗ ನಕ್ಕ. ತಕ್ಕಡಿ ಹಳೆಯದು ತಂದರು. ಮರ ಕೊಯ್ಯುವ ಪೆಟ್ರೋಲ್ ಗರಗಸವನ್ನು ಮಾತ್ರ ಹೊಸದೇ ಕೊಳ್ಳಬೇಕೆಂದು ಅಣವೀರಪ್ಪ ಹಟ ಹಿಡಿದ. ಹಳೆಯ ಗರಗಸದ ಸರಪಳಿ ಯಾವಾಗ ಹರಿದು ಹಾರುತ್ತದೋ ಯಾರು ಬಲ್ಲರು? ಬೂಟು ಕೊಂಡ. ತೊಗಲಿನ ಕೈಗವಸು ಮಗನ ಅಳತೆಗೆ ಸಿಗಲಿಲ್ಲ. ಅಂಗಡಿಯಲ್ಲಿ ಉಳಿದಿದ್ದ ದೊಡ್ಡ ಜೋಡಿಯನ್ನು ಅರ್ಧ ಬೆಲೆಗೆ ತಂದಾಗ ಸೊಸೆ ಶೈಲಾ, "ಮಾವಾ, ಇದರಾಗ ನಮ್ಮಿಬ್ಬರ ಕೈಯೂ ಹಿಡಿತಾವ," ಎಂದು ಚೇಷ್ಟೆ ಮಾಡಿದಳು.

ಉಳಿದದ್ದು ಕಟ್ಟಿಗೆ ಸೀಳುವ ಮಷಿನ್. ಜೋಗೇಶ್ವರಿಯಲ್ಲೇ ಹಿತೇಶ್ ಎಂಬ ಗುಜರಾತಿ ಹೊಸ ಹಳೆಯ ಮಷಿನ್‌ಗಳ ವ್ಯಾಪಾರ ಮಾಡುತ್ತಿದ್ದ. ಅವನ ಗೋದಾಮಿನಲ್ಲಿ ಎರಡು ಇದ್ದವು, ಒಂದು ಹೊಸದು, ಒಂದು ಹಳೆಯದು. ಎರಡೂ ಒಂದೇ ತರಹದವು: ಉದ್ದನೆಯ ಕಬ್ಬಿಣದ ಹಾಸು, ಒಂದು ತುದಿಗೆ ಗೇಣೆತ್ತರದ ಉಳಿಯಂಥ ಬೆಣೆ, ಇನ್ನೊಂದು ತುದಿಯಿಂದ ಕೊರಡನ್ನು ಬೆಣೆಗೆ ಒತ್ತುವ ಕಬ್ಬಿಣದ ದಿಮ್ಮಿ, ಪಕ್ಕದಲ್ಲಿ ಎರಡು ಹಿಡಿಕೆ. ಹೊಸದರ ಬೆಲೆ ಇವರ ಕೈಯಲ್ಲಿದ್ದ ಹಣಕ್ಕಿಂತ ಹೆಚ್ಚು. ಹಳೆಯದು ಅದರ ಮೂರರಲ್ಲಿ ಒಂದು ಪಾಲು.

ಹಳೆಯದನ್ನು ನೋಡಿದ ಕೂಡಲೇ ಅಣವೀರಪ್ಪ ಚಪ್ಪಲಿ ಬಿಟ್ಟು ನಿಂತ. ಅದರ ಬಲಗಡೆಯ ಹಿಡಿಕೆಯನ್ನು ಕೆಳಗೆ ಬಗ್ಗಿಸಿ, ಅರಿಸಿನದ ದಾರವನ್ನು ಸುತ್ತಿಸುತ್ತಿ ಕಟ್ಟಿದ್ದರು. ದಾರದ ಮೇಲೆ ಪದರ ಪದರವಾಗಿ ಕುಂಕುಮ ಗಟ್ಟಿಯಾಗಿತ್ತು. ಒಣಗಿದ ಚೆಂಡುಹೂವಿನ ತೊಟ್ಟೊಂದು ಅದರಲ್ಲಿ ಸಿಕ್ಕಿತ್ತು. ಆಯುಧ ಪೂಜೆಯಲ್ಲಿ ಕಟ್ಟಿದ ಕಂಕಣ ಎಂದು ಅವನು ಕೈಮುಗಿದ. ಕುಂಕುಮ ಕೆಲವು ಕಡೆ ಕೆಂಪಿತ್ತು, ಕೆಲವು ಕಡೆ ಕಪ್ಪಾಗಿತ್ತು. ಎಣ್ಣೆ ಕುಡಿದಿರಬೇಕು ಎಂದುಕೊಂಡ.

ಇದರ ಮಾಲೀಕ ಯಾಕೆ ಮಾರಿದ ಎಂದು ಅವನು ಹಿಂದಿಯಲ್ಲಿ ಕೇಳಿದ. ಊರಿಗೆ ಹೋದ ಎಂದು ಹೇಳಿ ಹಿತೇಶ್ ಚಹಾ ತರಿಸಿದ. ಹೊಸ ಮಷಿನ್‌ಗೆ ಎರಡೂ ಕೈ ಕೊಡಬೇಕು, ಇದಕ್ಕೆ ಎಡಗೈ ಒಂದೇ ಸಾಕು, ಬಲಗೈಯಲ್ಲಿ ಕೊರಡು ಹಿಡಿದುಕೊಂಡರೆ ಕೆಲಸ ದುಪ್ಪಟ್ಟು ಆಗುತ್ತದೆ ಎಂದೂ ಹೇಳಿದ. ಹೇಳುವಾಗ ಮಷಿನ್ ಕಡೆ ನೋಡಲಿಲ್ಲ, ಚಹಾದ ಲೋಟ ನೋಡುತ್ತಿದ್ದ.

ಯಲ್ಲಾಲಿಂಗ ಜೇಬಿನಿಂದ ಚೂರಿ ತೆಗೆದ. ಜಿಗುಟು ಬಹಳ ಆಗಿದೆ, ಕೆರೆದು ಒಳಗೇನಿದೆ ನೋಡೋಣ ಎಂದ.

ಅಣವೀರಪ್ಪ ಅವನ ಕೈ ಹಿಡಿದ. "ಚೂರಿ ಹಚ್ಚಬ್ಯಾಡೋ ತಮ್ಮಾ. ದೇವರ ಹೆಸರಿಲೆ ಕಟ್ಟಿದ ದಾರ ಅದು. ಕಟ್ಟಿದವರು ಬಿಚ್ಚಬೇಕು, ಇಲ್ಲಾ ತಾನ ಹರಿದು ಬೀಳಬೇಕು. ನಿಮ್ಮವ್ವನ ಕೈಯಾಗಿಂದು ಕತ್ತರಿಸಿದ್ದು ಸಾಲದೇನು?"

ಮಗ ಚೂರಿ ಮಡಚಿದ. ಅವ್ವನ ಹೆಸರು ಬಂದರೆ ಅವನು ಎದುರಾಡುತ್ತಿರಲಿಲ್ಲ.

ಹತ್ತು ದಿನ ಮಷಿನ್ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಅಣವೀರಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಆ ಹಿಡಿಕೆಗೆ ತಾನೂ ಒಂದು ಬೊಟ್ಟು ಕುಂಕುಮ ಇಡುತ್ತಿದ್ದ. ಯಲ್ಲಾಲಿಂಗ ಬಲಗೈಯಿಂದ ಕೊರಡನ್ನು ಹಾಸಿನ ಮೇಲೆ ಆನಿಸಿ ಹಿಡಿದು, ಎಡಗೈಯಿಂದ ಹಿಡಿಕೆ ಒತ್ತುತ್ತಿದ್ದ. ಗುರ್ ಎಂದು ದಿಮ್ಮಿ ಮುಂದೆ ಬರುತ್ತಿತ್ತು, ಕೊರಡು ಚಟ್ ಎಂದು ಎರಡಾಗುತ್ತಿತ್ತು. ಶೈಲಾ ಸೀಳುಗಳನ್ನು ಒಟ್ಟುತ್ತಿದ್ದಳು. ಗುರ್, ಚಟ್, ಗುರ್, ಚಟ್. ಮನೆಗೆ ಹೋಗಿ ಮಲಗಿದರೂ ಆ ಸದ್ದು ಕೇಳಿಸುತ್ತಿತ್ತು. ಒಂದು ಮುಂಜಾನೆ ಕನಸಿನಲ್ಲಿ ಹಾಲವ್ವ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ. ತನ್ನ ಬರಿದಾದ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತ ಮಷಿನನ್ನೇ ನೋಡುತ್ತಿದ್ದಳು. ಅಣವೀರಪ್ಪ ಎದ್ದು ದೇವರ ಮುಂದೆ ದೀಪ ಹಚ್ಚಿದ. ಆಸೆಪಟ್ಟ ಕೆಲಸ ನಡೆದದ್ದನ್ನು ನೋಡಲು ಬಂದಿದ್ದಾಳೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮನಸ್ಸು ಒಪ್ಪಲಿಲ್ಲ.

ಹನ್ನೊಂದನೆಯ ದಿನ ಅರ್ಧ ಕಟ್ಟಿಗೆಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಅವನೊಬ್ಬನೇ ಅಂಧೇರಿಗೆ ಹೋದ. ಭಾನುವಾರದ ಮದುವೆಗೆ ಉಳಿದರ್ಧ ಸಂಜೆಯೊಳಗೆ ಬೇಕಿತ್ತು. ಅಡುಗೆಮನೆಯ ಹಿಂದೆ ಅಣ್ಣು ಶೇಟ್ ಒಂದು ಸೀಳನ್ನು ಎತ್ತಿ ನೋಡಿ, "ಒಳ್ಳೆ ಒಣಗಿದೆ ಮಾರಾಯ್ರೆ. ಕೈಯಲ್ಲಿ ಒಡೆದದ್ದಾ, ಮಷಿನ್ನಾ?" ಎಂದ.

ಮಷಿನ್ ಎಂದು ಅಣವೀರಪ್ಪ ಹೆಮ್ಮೆಯಿಂದಲೇ ಹೇಳಿದ. ಎಷ್ಟು ಅಗ್ಗಕ್ಕೆ ಸಿಕ್ಕಿತು, ಮೊದಲಿನವರು ಎಷ್ಟು ಭಕ್ತಿಯಿಂದ ಇಟ್ಟುಕೊಂಡಿದ್ದರು, ಬಲಗಡೆಯ ಹಿಡಿಕೆಗೆ ಕಂಕಣ ಹೇಗಿದೆ ಎಲ್ಲವನ್ನೂ ಹೇಳಿದ. ಹೇಳುತ್ತಿದ್ದಂತೆ ಅಣ್ಣು ಶೇಟ್‌ನ ಮುಖದ ನಗು ಇಳಿಯಿತು.

"ಅದು ನಮ್ಮ ದೂಜನ ಮಷಿನ್ ಅಲ್ವಾ," ಎಂದ ಮೆಲ್ಲಗೆ. "ವಸಾಯಿಯಲ್ಲಿ ಇದ್ದ. ನನಗೆ ಎರಡು ವರ್ಷ ಅವನೇ ಕಟ್ಟಿಗೆ ಕೊಟ್ಟದ್ದು. ಎರಡೂ ಕೈಯಲ್ಲಿ ಒತ್ತಿದರೆ ಮಾತ್ರ ನಡೆಯುವ ಮಷಿನ್ ಅದು. ಕೈ ನಡುವೆ ಹೋಗದ ಹಾಗೆ ಮಾಡಿದ್ದಂತೆ. ಬೇಗ ಕೆಲಸ ಆಗ್ಲಿ ಅಂತ ಇವ ಬಲಗಡೆಯ ಹಿಡಿಕೆಯನ್ನು ತಂತಿಯಲ್ಲಿ ಬಿಗಿದ. ನವರಾತ್ರಿಗೆ ಅವನ ಹೆಂಡತಿ ಅದರ ಮೇಲೆಯೇ ದಾರ ಕಟ್ಟಿ ಪೂಜೆ ಮಾಡಿದಳು, ಪಾಪ."

"ಈಗ ಎಲ್ಲಿದ್ದಾನ ಅಂವ?"

"ಊರಲ್ಲಿ. ಎಡಗೈಯಲ್ಲಿ ಊಟ ಮಾಡ್ತಾನೆ."

ಅಣವೀರಪ್ಪ ಕಟ್ಟಿಗೆ ತೂಗಲಿಲ್ಲ, ಹಣ ಕೇಳಲಿಲ್ಲ. ಮಗನಿಗೆ ಫೋನ್ ಹಚ್ಚಿದ. ರಿಂಗ್ ಆಗಿ ಆಗಿ ನಿಂತಿತು; ಮಷಿನ್ ಓಡುವಾಗ ಫೋನ್ ಯಾರಿಗೆ ಕೇಳಬೇಕು? ಶೈಲಾಳ ಫೋನ್ ಮನೆಯಲ್ಲೇ ಇತ್ತು. ರಿಕ್ಷಾ ಹತ್ತಿದ. ಅಂಧೇರಿಯಿಂದ ಜೋಗೇಶ್ವರಿ ಎಷ್ಟು ದೂರ? ಆ ದಿನ ಸಿಗ್ನಲ್ ಸಿಗ್ನಲ್ಲಿಗೂ ಗಾಡಿ ನಿಂತಿತು. ಅವನು ಶಿವನಾಮ ಹಿಡಿದ. ನಾಮದ ನಡುವೆ ತನ್ನದೇ ದನಿ ಕೇಳುತ್ತಿತ್ತು: ಚೂರಿ ಹಚ್ಚಬ್ಯಾಡೋ ತಮ್ಮಾ.

ಗಲ್ಲಿಯ ಬಾಯಿಗೆ ಇಳಿದಾಗ ಮಷಿನ್ ನಡೆಯುತ್ತಿತ್ತು. ಗುರ್, ಚಟ್. ಮಗ ಚೆನ್ನಾಗಿದ್ದಾನೆ ಎಂದುಕೊಂಡು ಓಡಿದ. ಗುರ್, ಚಟ್. ಶೆಡ್ಡಿನ ತಗಡು ಕಾಣಿಸಿತು. ಗುರ್ ಎಂದಿತು. ಚಟ್ ಎನ್ನಲಿಲ್ಲ. ಸದ್ದೇ ನಿಂತು ಹೋಯಿತು.

ಒಳಗೆ ಶೈಲಾ ಗೋಡೆಯ ಮೇನ್ ಸ್ವಿಚ್ಚಿನ ಮೇಲೆ ಎರಡೂ ಕೈ ಒತ್ತಿಕೊಂಡು ನಿಂತಿದ್ದಳು. ಬೆಣೆಗೂ ಕೊರಡಿಗೂ ನಡುವೆ ತೊಗಲಿನ ಕೈಗವಸು ಸಿಕ್ಕಿತ್ತು, ಐದು ಬೆರಳೂ ಮೇಲಕ್ಕೆ ಚಾಚಿಕೊಂಡು. ಯಲ್ಲಾಲಿಂಗ ಒಂದು ಹೆಜ್ಜೆ ಹಿಂದೆ ನಿಂತಿದ್ದ. ಅವನ ಬಲಗೈ ಎದೆಯ ಮೇಲಿತ್ತು.

"ಕೊರಡು ಹೊಳ್ಳಿ ಉರುಳಿತು ಯಪ್ಪಾ," ಎಂದ. "ಕೈ ಎಳಕೊಂಡೆ. ಗವಸು ದೊಡ್ಡದಿತ್ತು, ಅದು ಅಲ್ಲೇ ಉಳೀತು."

ಅಣವೀರಪ್ಪ ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಬಾಣಂತಿಯ ಮಡಿಲಲ್ಲಿ ಮಗುವನ್ನು ಮೊದಲ ಸಲ ನೋಡುವವರಂತೆ ಬೆರಳು ಎಣಿಸಿದ. ಐದಿದ್ದವು. ಕಿರುಬೆರಳಿನ ಪಕ್ಕ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ಇನ್ನೊಮ್ಮೆ ಎಣಿಸಿದ.

ಆಮೇಲೆ ಚೂರಿ ಕೇಳಿದ. ಮಗ ತಾನು ಮಾಡುತ್ತೇನೆ ಎಂದರೂ ಬಿಡಲಿಲ್ಲ. ನೆಲದ ಮೇಲೆ ಕುಳಿತು ದಾರವನ್ನು ಎಳೆ ಎಳೆಯಾಗಿ ಕೊಯ್ದ. ಪ್ರತಿ ಎಳೆಗೂ ಕತ್ತರಿಯ ಆ ಸದ್ದು ಕೇಳಿತು, ಆದರೂ ಕೈ ನಿಲ್ಲಿಸಲಿಲ್ಲ. ಕುಂಕುಮ ಹಕ್ಕಳೆಯಂತೆ ಉದುರಿತು. ದೇವರ ದಾರದ ಕೆಳಗೆ ಮನುಷ್ಯ ಕಟ್ಟಿದ ತಂತಿ ಇತ್ತು. ಮೂರು ಸುತ್ತು. ಸುತ್ತುಗಳ ಸಂದಿಯಲ್ಲಿದ್ದ ಕಪ್ಪು ಕುಂಕುಮದ್ದಲ್ಲ, ಎಣ್ಣೆಯದೂ ಅಲ್ಲ. ಹನ್ನೊಂದು ದಿನ ತಾನು ಬೊಟ್ಟಿಟ್ಟದ್ದು ಯಾವುದಕ್ಕೆ ಎಂದು ಅವನಿಗೆ ಆಗ ತಿಳಿಯಿತು. ತಂತಿ ಬಿಚ್ಚಿದ ಕೂಡಲೇ ಹಿಡಿಕೆ ಟಣ್ ಎಂದು ಮೇಲಕ್ಕೆದ್ದು ನಿಂತಿತು, ಕಾದು ಕುಳಿತಿದ್ದಂತೆ.

ಅಣ್ಣು ಶೇಟ್‌ಗೆ ಉಳಿದರ್ಧ ಕೊಡಲು ಆಗುವುದಿಲ್ಲ ಎಂದು ಹೇಳಿದರು. ಈಗ ಯಲ್ಲಾಲಿಂಗ ಎರಡೂ ಕೈಯಿಂದ ಒತ್ತುತ್ತಾನೆ. ಮೊದಲು ಎರಡು ಕೊರಡು ಸೀಳುತ್ತಿದ್ದ ಹೊತ್ತಿನಲ್ಲಿ ಈಗ ಒಂದು ಆಗುತ್ತದೆ. ಅಣವೀರಪ್ಪ ಹೊರಗೆ ತಕ್ಕಡಿಯ ಹತ್ತಿರ ಕೂರುತ್ತಾನೆ. ಬೆರಳು ಜಪ ಎಣಿಸುತ್ತಿರುತ್ತದೆ, ಕಿವಿ ಒಳಗಿರುತ್ತದೆ. ಮಷಿನ್ ಎಷ್ಟೇ ಗದ್ದಲ ಮಾಡಲಿ, ಅವನು ಅಲುಗುವುದಿಲ್ಲ. ಅದು ಸುಮ್ಮನಾದಾಗ ಮಾತ್ರ ಜಪ ಅಲ್ಲಿಗೇ ಬಿಟ್ಟು ಎದ್ದು ಒಳಗೆ ಹೋಗಿ ಮಗನ ಕೈ ನೋಡಿ ಬರುತ್ತಾನೆ.