ಹಿಂದಿನ ಸೀಟಿನ ಮಾತು

ಗುರುವಾರ ಸಂಜೆ ಮೃಣಾಲ ಟೀಚರ್ ಹಲಗೆಯ ಮೇಲೆ ನಿಬಂಧದ ವಿಷಯ ಬರೆದರು: ನನ್ನ ಮೆಚ್ಚಿನ ಮನರಂಜನೆ. ಇಪ್ಪತ್ತು ಸಾಲು, ಮರಾಠಿಯಲ್ಲಿ, ಮುಂದಿನ ಗುರುವಾರ ತೋರಿಸಬೇಕು.

ಆ ತರಗತಿಯಲ್ಲಿ ನಾವು ಒಂಬತ್ತು ಜನ. ಯಾರೂ ಮಕ್ಕಳಲ್ಲ. ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ಹದಿನೇಳು ನಂಬರಿನ ಫಾರ್ಮು ತುಂಬಿ, ಹೊರಗಿನಿಂದ ಹತ್ತನೆಯ ಪರೀಕ್ಷೆಗೆ ಕೂರುವವರು. ಮಿರಜಿನ ಒಂದು ಶಾಲೆಯವರು ಸಂಜೆ ಐದರಿಂದ ಆರೂವರೆಯವರೆಗೆ ನಮಗೊಂದು ಕೋಣೆ ಬಿಟ್ಟುಕೊಟ್ಟಿದ್ದಾರೆ. ಬೆಂಚುಗಳು ಸಣ್ಣ ಮಕ್ಕಳವು, ಮೊಣಕಾಲು ಒಳಗೆ ಹೋಗುವುದಿಲ್ಲ. ನಾನು ಅಡ್ಡ ಕೂರುತ್ತೇನೆ. ನನಗೆ ನಲವತ್ತಾರು. ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಆಯಾ ಆಗಿದ್ದೇನೆ. ಹತ್ತನೆಯದು ಪಾಸಾದರೆ ಕಾಯಂ ಮಾಡುತ್ತೇವೆ ಎಂದು ಮೇಟ್ರನ್ ಹೇಳಿದ್ದಾರೆ.

ನನ್ನ ಮುಂದಿನ ಬೆಂಚಿನ ಭರತೇಶ ತಿರುಗಿ ಕೂತ. ಅವನು ಕುಪವಾಡ ಎಂಐಡಿಸಿಯಲ್ಲಿ ಒಂದು ಕಾರ್ಖಾನೆಯ ವಾಚಮನ್. ಮೈಮೇಲೆ ಇನ್ನೂ ನೀಲಿ ಅಂಗಿ ಇತ್ತು.

"ನೀಲಗಂಗಕ್ಕಾ, ಚಿಂತಿ ಬಿಡ್ರಿ. ಗೈಡಿನ್ಯಾಗ ಐತಿ. ನಲವತ್ತೊಂದನೇ ಪುಟ, ಕ್ರಿಕೆಟ್. ನಾ ಅದನ್ನ ನೋಡಿ ಇಳಸವ."

"ನೀ ಕ್ರಿಕೆಟ್ ನೋಡತಿಯೇನೋ?"

"ಎಲ್ಲಿ ನೋಡ್ಲಿ? ಮ್ಯಾಚ್ ಇದ್ದಾಗ ಸಾಹೇಬ್ರು ಒಳಗ ಟೀವಿ ಮುಂದ, ನಾ ಹೊರಗ ಗೇಟಿನ ಮುಂದ. ಅವರು ಒದರಿದ್ರ ಫೋರ್ ಹೋತು ಅಂತ ತಿಳಕೋತೀನಿ. ಸುಮ್ಮ ಆದ್ರ ಔಟ್."

"ಹಂಗಾದ್ರ ಅದನ್ನ ಬರಿಯೋ."

"ಅದಕ್ಕ ಮಾರ್ಕ್ ಕೊಡ್ತಾರೇನ್ರಿ ಅಕ್ಕಾ? ಹುಚ್ಚ ಅಂತಾರ."

ಟೀಚರಿಗೆ ಕನ್ನಡ ಬರುವುದಿಲ್ಲ, ಗೈಡ್ ಎಂಬ ಮಾತು ಮಾತ್ರ ಕಿವಿಗೆ ಬಿದ್ದಿರಬೇಕು. "ಗೈಡಿನದು ಯಾರೂ ತರಬೇಡಿ. ನಿಮ್ಮದನ್ನೇ ಬರೆಯಿರಿ" ಎಂದು ಮರಾಠಿಯಲ್ಲಿ ಹೇಳಿದರು. ಅವರಿಗೆ ಇಪ್ಪತ್ತಾರು ವರ್ಷ. ನಮಗೂ ಒಂದು ಮನರಂಜನೆ ಇರುತ್ತದೆ ಎಂದು ನಿಜವಾಗಿಯೂ ನಂಬಿದ್ದರು.

ನನ್ನ ವಾರ್ಡಿನಲ್ಲಿ ಒಂದು ಸಂಗತಿ ನೋಡಿದ್ದೇನೆ. ಡಾಕ್ಟರು ರೌಂಡಿಗೆ ಬಂದು ಹೇಗಿದ್ದೀರಿ ಎಂದರೆ ಎಲ್ಲರೂ ಆರಾಮ ಎನ್ನುತ್ತಾರೆ. ಅವರು ಮುಂದಿನ ಹಾಸಿಗೆಗೆ ಹೋದ ಮೇಲೆ ನನ್ನ ಸೆರಗು ಹಿಡಿದು ನಿಜ ಹೇಳುತ್ತಾರೆ. ತರಗತಿಗೆ ಬರೆಯುವುದೂ ಅಂಥದೇ. ಕೇಳುವವರಿಗೆ ಏನು ಬೇಕೋ ಅದನ್ನು ಬರೆದು ಕೈತೊಳೆದುಕೊಳ್ಳುವುದು. ಆದರೂ ಆ ದಿನ ನನ್ನ ಕೋಣೆಗೆ ಬಂದು ಚಹಾ ಮಾಡಿಕೊಂಡು ಕೂತಾಗ, ನಿಜವನ್ನೇ ಬರೆದರೆ ಏನಾಗುತ್ತದೆ ನೋಡೋಣ ಅನಿಸಿತು.

ನನ್ನ ಮೆಚ್ಚಿನ ಮನರಂಜನೆ ಬಸ್ಸು.

ಭಾನುವಾರ ನನಗೆ ರಜೆ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮಕ್ಕಳಿಲ್ಲ. ಬಟ್ಟೆ ಒಗೆದು ಮುಗಿಯುವ ಹೊತ್ತಿಗೆ ಎಂಟು ಗಂಟೆ, ಆಮೇಲೆ ಕೋಣೆಯಲ್ಲಿ ಮಾಡುವುದಕ್ಕೆ ಏನೂ ಇರುವುದಿಲ್ಲ. ಅದಕ್ಕೆ ಮಿರಜ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಸಾಂಗ್ಲಿಗೆ ಹೋಗುತ್ತೇನೆ. ಅಲ್ಲಿ ಇಳಿಯುವುದಿಲ್ಲ. ಕಂಡಕ್ಟರನಿಂದ ಇನ್ನೊಂದು ಟಿಕೀಟು ತೆಗೆದುಕೊಂಡು ಅದೇ ಬಸ್ಸಿನಲ್ಲಿ ತಿರುಗಿ ಬರುತ್ತೇನೆ. ಹೀಗೆ ಬರುವಾಗ, ಹತ್ತು ಗಂಟೆಯ ಸುಮಾರಿಗೆ, ಸಾಂಗ್ಲಿಯಲ್ಲಿ ಇಬ್ಬರು ಹೆಂಗಸರು ಹತ್ತುತ್ತಾರೆ. ಒಬ್ಬಾಕೆ ಸಖುಬಾಯಿ. ಮಿರಜಿನಲ್ಲಿ ಕೊಟ್ಟ ಮಗಳು ಸೋನಲಳ ಮನೆಗೆ ವಾರವಾರ ಹೋಗುತ್ತಾಳೆ. ಇನ್ನೊಬ್ಬಾಕೆ ನರ್ಮದಾ. ಅವಳ ಪಕ್ಕದ ಮನೆಯವಳು, ಜೊತೆಗೆಂದು ಬರುತ್ತಾಳೆ. ಇಬ್ಬರೂ ಅರುವತ್ತರ ಆಸುಪಾಸು. ಕಂಡಕ್ಟರನೊಂದಿಗೆ ಮರಾಠಿ, ಟೊಮೇಟೊ ದರ ಮರಾಠಿ, ಮಳೆ ಮರಾಠಿ. ಸೊಸೆಯ ಸುದ್ದಿ ಬಂದ ಕೂಡಲೇ ಕನ್ನಡ. ಬಸ್ಸಿನಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದು ಅವರ ಲೆಕ್ಕ. ನಮ್ಮ ಕಡೆಯ ಎಷ್ಟೋ ಜನ ಹೀಗೇ ಮಾಡುತ್ತಾರೆ, ಗುಟ್ಟಿನ ಮಾತಿಗೆ ಕನ್ನಡ ತೆಗೆಯುತ್ತಾರೆ. ಆ ಬಸ್ಸಿನಲ್ಲೇ ಕನ್ನಡ ಬಲ್ಲವರು ಏಳೆಂಟು ಜನ ಇರುತ್ತಾರೆ, ಮುಖ ನೋಡಿ ಹೇಳಬಲ್ಲೆ.

ವಾರ್ಡಿನಲ್ಲಿ ಕನ್ನಡದ ರೋಗಿಗಳು ನನಗೆ ಬೇಕಾದಷ್ಟು ಸಿಗುತ್ತಾರೆ. ಅಥಣಿ, ಜಮಖಂಡಿ, ವಿಜಯಪುರದಿಂದ ಬರುತ್ತಾರೆ. ಆದರೆ ಅವರ ಮಾತು ನೋವಿನದು, ಸಲೈನ್ ಬಾಟಲಿಯದು. ಇವರದು ಮನೆಯ ಮಾತು. ಉಪ್ಪಿನಕಾಯಿಗೆ ಬೂಸ್ಟು ಬಂದದ್ದು, ನರ್ಮದಾಳ ಮಗ ಅಜಿಂಕ್ಯ ಹೆಂಡತಿಯ ಮಾತಿಗೆ ತಲೆಯಾಡಿಸುವುದು, ಮದುವೆಯಲ್ಲಿ ಯಾರೋ ಹಳೆಯ ಸೀರೆಯನ್ನೇ ಆಹೇರೆಂದು ಉಡುಗೊರೆ ಕೊಟ್ಟದ್ದು. ನಾನು ಅವರ ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕೇಳುತ್ತೇನೆ. ಒಂದು ವಾರ ಅರ್ಧಕ್ಕೆ ನಿಂತ ಜಗಳ ಮುಂದಿನ ವಾರ ಏನಾಯಿತು ಎಂದು ಆರು ದಿನ ಕಾಯುತ್ತೇನೆ.

ನನಗೂ ಕನ್ನಡ ಬರುತ್ತದೆ ಎಂದು ಮೊದಲ ವಾರವೇ ಹೇಳಬಹುದಿತ್ತು. ಹೇಳಲಿಲ್ಲ. ಮೂರನೆಯ ವಾರ ಸಖುಬಾಯಿ ಹಿಂದಿನಿಂದ ನನ್ನ ಭುಜ ತಟ್ಟಿ, "ತಗೊಳ್ಳಿ" ಎಂದು ಮರಾಠಿಯಲ್ಲಿ ಹೇಳಿ ಶೇಂಗಾ ಚಿಕ್ಕಿ ಕೊಟ್ಟಳು. ನಾನು ತೆಗೆದುಕೊಂಡು ತಲೆಯಾಡಿಸಿದೆ.

"ಪಾಪ, ದರವಾರ ಒಬ್ಬಾಕಿನ ಬರತಾಳ" ಎಂದಳು ನರ್ಮದಾ.

"ಕಿವಿ ಮಂದ ಇದ್ದಂಗ ಅದಾವ. ಕರದ್ರ ತಿರಗೂದಿಲ್ಲ" ಎಂದಳು ಸಖುಬಾಯಿ.

ಆವಾಗಲೂ ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ಆಮೇಲೆ ಅವರ ಮನೆಯೊಳಗಿನದೆಲ್ಲ ನನಗೆ ತಿಳಿದುಹೋಯಿತು. ಅಷ್ಟು ತಿಳಿದ ಮೇಲೆ ಯಾವ ಬಾಯಿಂದ ಹೇಳುವುದು? ಹೀಗೆ ಏಳು ತಿಂಗಳು ಹೋದವು.

ಇದನ್ನೆಲ್ಲ ಮರಾಠಿಯಲ್ಲಿ ಹದಿನಾಲ್ಕು ಸಾಲು ಬರೆದೆ. ಬರೆದು ಓದಿದಾಗ ಮೈಗೆ ಒಂಥರ ಆಯಿತು. ಕೇಳುವಾಗ ಅದು ಮನರಂಜನೆ. ಕಾಗದದ ಮೇಲೆ ನೋಡಿದರೆ ಯಾರದೋ ಮನೆಯ ಬಾಗಿಲಿಗೆ ಕಿವಿ ಹಚ್ಚಿ ನಿಂತ ಹೆಂಗಸು ಕಾಣುತ್ತಿದ್ದಳು. ನೋಟ್‌ಬುಕ್ ಮುಚ್ಚಿಟ್ಟೆ.

ಆ ಭಾನುವಾರ ಇಬ್ಬರೂ ಎಂದಿನಂತೆ ಹತ್ತಿದರು. ಪುಷ್ಪರಾಜ ಚೌಕದವರೆಗೆ ನರ್ಮದಾ ಮಾತೇ ಆಡಲಿಲ್ಲ. ಸಖುಬಾಯಿಯೇ ಎಲ್ಲ ಹೇಳುತ್ತಿದ್ದಳು. ವಿಶ್ರಾಮಬಾಗ ಬಂದಾಗ ನರ್ಮದಾ ಮೆಲ್ಲಗೆ ಅಂದಳು, "ಮತ್ತ ಕಂಡೈತಿ."

"ಏನ?"

"ಅದ. ಕೆಂಪ."

ಸಖುಬಾಯಿ ದನಿ ತಗ್ಗಿಸಿ, "ನಿಂದು ನಿಂತು ಎಷ್ಟ ವರ್ಷ ಆತು?" ಎಂದಳು.

"ಒಂಬತ್ತ. ಹೋದ ತಿಂಗಳ ಒಂದ ದಿನ ಕಂಡಿತ್ತು. ಈಗ ಮೂರ ದಿನ ಆತು."

"ಉಷ್ಣ ಆಗಿರತೈತಿ. ಸಬ್ಜಾ ನೆನಿ ಹಾಕಿ ಕುಡಿ."

"ಅಜಿಂಕ್ಯಾಗ ಹೇಳಲ್ಯಾ ಅಂತ."

"ಗಂಡ ಮಗಗ ಇಂಥಾದ್ದ ಹೇಳತಾರೇನ? ಸೊಸಿಗೆ ಹೇಳಿದ್ರ ಸಂಜಿಕ ಅವರ ತವರಮನಿಗೆ ಗೊತ್ತಾಗಿರತೈತಿ. ದೀಪಾವಳಿ ಆಗ್ಲಿ, ನೋಡೂಣು."

"ಹೂಂ. ದೀಪಾವಳಿ ಆಗ್ಲಿ."

ದೀಪಾವಳಿಗೆ ಇನ್ನೂ ತಿಂಗಳ ಮೇಲಿತ್ತು. ನಾನು ವಾರ್ಡಿನಲ್ಲಿ ಇಂಥ ಹೆಂಗಸರ ಹಾಸಿಗೆ ಬದಲಿಸಿದ್ದೇನೆ. ಮೊದಲು ಕಂಡಾಗಲೇ ಬಂದವರು ಹತ್ತು ದಿನದಲ್ಲಿ ನಡೆದುಕೊಂಡು ಮನೆಗೆ ಹೋಗುತ್ತಾರೆ. ಉಷ್ಣ ಎಂದುಕೊಂಡು ವರ್ಷ ಕಾದವರು ಬಂದರೆ ಡಾಕ್ಟರು ಮನೆಯವರನ್ನು ಹೊರಗೆ ಕರೆದು ಮಾತಾಡುತ್ತಾರೆ. ಏನೂ ಇರದೆಯೂ ಹೋಗಬಹುದು. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು, ಸಬ್ಜಾ ಬೀಜವಲ್ಲ.

ಬಸ್ಸು ವಿಜಯನಗರ ದಾಟುವವರೆಗೆ ಬೇರೆ ದಾರಿ ಹುಡುಕಿದೆ. ಚೀಟಿ ಬರೆದು ಕೊಡಲೇ? ಇಬ್ಬರಲ್ಲಿ ಒಬ್ಬರಿಗಾದರೂ ಓದು ಬರುತ್ತದೋ ಇಲ್ಲವೋ. ಹಿಂದೆ ಹಿಂದೆ ಹೋಗಿ ಸೋನಲಳಿಗೆ ಹೇಳಲೇ? ಅದು ಇನ್ನೂ ಕೆಟ್ಟದ್ದು. ಬಾಯಿ ತೆರೆದರೆ ನನ್ನ ಭಾನುವಾರ ಮುಗಿಯಿತು ಎಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ತಿರುಗಿದೆ.

"ಅಕ್ಕಾರ, ದೀಪಾವಳಿ ತನಕ ಬಿಡಬ್ಯಾಡ್ರಿ. ನಾಳೆನ ತೋರಸ್ರಿ. ನಾ ಆಸ್ಪತ್ರ್ಯಾಗ ಕೆಲಸಾ ಮಾಡತೀನಿ, ಇಂಥಾದ್ದ ನೋಡೇನಿ. ಇದು ಉಷ್ಣ ಅಲ್ರಿ."

ನರ್ಮದಾ ಸೆರಗು ತೆಗೆದು ಬಾಯಿಗೆ ಒತ್ತಿಕೊಂಡಳು. ಸಖುಬಾಯಿ ಒಂದು ಕ್ಷಣ ನನ್ನ ತುಟಿಯನ್ನೇ ನೋಡಿದಳು, ಮಾತು ಬೇರೆಲ್ಲಿಂದಲೋ ಬಂದಿತೇನೋ ಎನ್ನುವ ಹಾಗೆ.

"ನಿನಗ ಕನ್ನಡ ಬರತೈತಿ?"

"ಬರತೈತ್ರಿ."

"ಇಷ್ಟ ದಿವಸ ಬಾಯಾಗ ಅಡಕಿ ಇಟಕೊಂಡಿದ್ದಿಯೇನ? ನಮ್ಮ ಮನಿ ಮಾತ ಎಲ್ಲಾ ಕೇಳಕೋತ ಕುಂತಿ? ನಾಚಿಕಿ ಬರಲಿಲ್ಲ ನಿನಗ? ಚಿಕ್ಕಿ ಬ್ಯಾರೆ ತಿಂದಿ!"

"ತಪ್ಪ ಆತ್ರೀ. ನನ್ನ ಬೈರಿ. ಆದ್ರ ಇವರನ್ನ ತೋರಸ್ರಿ."

"ಏಳ ನರ್ಮದಾ. ಇಳಿ."

ವಾನ್ಲೆಸವಾಡಿಯಲ್ಲಿ ಬಸ್ಸು ನಿಂತಿತ್ತು. ಅದು ಅವರ ಸ್ಟಾಪು ಅಲ್ಲ. ಸಖುಬಾಯಿ ನರ್ಮದಾಳ ಮೊಣಕೈ ಹಿಡಿದು ಇಳಿಸಿಕೊಂಡು ಹೋದಳು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ, "ನಮ್ಮ ಆಸ್ಪತ್ರಿಗೆ ಬರಬ್ಯಾಡ್ರಿ ಬೇಕಾದ್ರ! ಎಲ್ಲೇ ಆಗ್ಲಿ, ಹೆಣ್ಣ ಡಾಕ್ಟರಿಗೆ ತೋರಸ್ರಿ!" ಕಂಡಕ್ಟರ್ ಎರಡು ಸಲ ಗಂಟೆ ಹೊಡೆದ. ಇಬ್ಬರೂ ಬಿಸಿಲಿನಲ್ಲಿ ರಸ್ತೆಯ ಅಂಚಿನಲ್ಲಿ ನಿಂತಿದ್ದರು. ನರ್ಮದಾ ಮಾತ್ರ ಬಸ್ಸಿನ ಕಡೆ ನೋಡಿದಳು.

ಗುರುವಾರ ನಾನು ಆ ಹದಿನಾಲ್ಕು ಸಾಲನ್ನೇ ಟೀಚರಿಗೆ ಕೊಟ್ಟೆ. ಹೆಸರು ಇರಲಿಲ್ಲ, ಊರು ಇರಲಿಲ್ಲ. ಕೆಳಗೆ ಎರಡು ಸಾಲು ಸೇರಿಸಿದ್ದೆ: ಹೋದ ಭಾನುವಾರ ಒಬ್ಬಾಕೆಯ ಕಾಯಿಲೆಯ ಸುದ್ದಿ ಕೇಳಿ ನಾನು ಅವರೊಂದಿಗೆ ಮಾತಾಡಿದೆ, ಅವರು ಇಳಿದುಹೋದರು.

ಮೃಣಾಲ ಟೀಚರ್ ಎರಡು ಸಲ ಓದಿದರು. "ಚೆನ್ನಾಗಿದೆ. ಆದರೆ ಹದಿನಾರೇ ಸಾಲು. ಮುಂದೆ ಏನಾಯಿತು?"

"ಗೊತ್ತಿಲ್ಲ, ಟೀಚರ್."

"ಸಮಾರೋಪ ಬೇಕಲ್ಲ? ಪರೀಕ್ಷೆಯಲ್ಲಿ ಅದಕ್ಕೇ ಎರಡು ಅಂಕ. ಏನಾದರೂ ಕಲ್ಪಿಸಿ ಬರೆಯಿರಿ."

ಅವಳು ಗುಣವಾದಳು ಎಂದು ಬರೆಯಬಹುದಿತ್ತು, ಒಂದೇ ಸಾಲು. ಪೆನ್ನು ಹಿಡಿದು ಕೂತೆ. ಅವಳು ಡಾಕ್ಟರಿಗೆ ತೋರಿಸಿದಳೋ ಇಲ್ಲವೋ ತಿಳಿಯದೆ, ಎರಡು ಅಂಕಕ್ಕೆಂದು ಅವಳನ್ನು ಗುಣ ಮಾಡಲು ನನಗೆ ಆಗಲಿಲ್ಲ. ಬೇಡ ಎಂದೆ. ಭರತೇಶನ ಕ್ರಿಕೆಟ್ಟಿಗೆ ಹತ್ತಕ್ಕೆ ಎಂಟು ಬಂದಿತ್ತು, ನನ್ನದಕ್ಕೆ ಆರು.

ಮುಂದಿನ ಭಾನುವಾರ ಇಬ್ಬರೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನಾನು ಹೋಗುವುದನ್ನು ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲೇಜು ಹುಡುಗರು ಕೂರುತ್ತಿದ್ದರು, ಕಿವಿಗೆ ವೈರು ಹಾಕಿಕೊಂಡು ಬಾಯಿ ಮುಚ್ಚಿ. ನಮ್ಮ ಓಪಿಡಿಯ ಸಾಲಿನಲ್ಲಿ ದಿನಾಲೂ ಕಣ್ಣಾಡಿಸಿದೆ. ಮಿರಜಿನಲ್ಲಿ ಒಂದು ಆಸ್ಪತ್ರೆಯೇ? ಓಣಿಗೊಂದು ಇದೆ. ಸಾಂಗ್ಲಿಯಲ್ಲೂ ಅಷ್ಟೇ ಇವೆ. ಹುಡುಕುವುದಾದರೂ ಎಲ್ಲಿ? ಅವರ ಅಡ್ಡಹೆಸರೂ ನನಗೆ ಗೊತ್ತಿರಲಿಲ್ಲ. ನರ್ಮದಾಳ ಸೊಸೆ ಬೇಳೆಗೆ ಎಷ್ಟು ಉಪ್ಪು ಹಾಕುತ್ತಾಳೆಂದು ಗೊತ್ತಿತ್ತು.

ದೀಪಾವಳಿ ಕಳೆದ ಎರಡನೆಯ ಭಾನುವಾರ ಸಖುಬಾಯಿ ಒಬ್ಬಳೇ ಹತ್ತಿದಳು. ನನ್ನನ್ನು ನೋಡಿದಳು. ಬಸ್ಸಿನಲ್ಲಿ ಬೇರೆ ಸೀಟುಗಳು ಖಾಲಿ ಇದ್ದವು. ಬಂದು ನನ್ನ ಹಿಂದಿನ ಸೀಟಿನಲ್ಲೇ ಕೂತಳು. ಮಿರಜಿನ ಟಿಕೀಟು ತೆಗೆದುಕೊಂಡಳು. ಜೊತೆಯವಳು ಏಕೆ ಬಂದಿಲ್ಲ ಎಂದು ಕೇಳುವ ಹಕ್ಕು ನನಗಿರಲಿಲ್ಲ.

ವಿಶ್ರಾಮಬಾಗ ದಾಟಿದ ಮೇಲೆ ಅವಳು ಫೋನು ತೆಗೆದು ಕಿವಿಗೆ ಹಿಡಿದಳು.

"ಹೂಂ ನರ್ಮದಾ, ನಾನ. ಬಸ್ಸಿನ್ಯಾಗ ಅದೀನಿ. ಹೊಲಿಗಿ ನೋಯತಾವೇನ?... ನೋಯತಾವ, ಒಂದ ವಾರ ಸೈತ ಆಗಿಲ್ಲ. ಹೊಟ್ಟ್ಯಾಗಿನ ಚೀಲ ತಗದ್ರು, ಛಲೋ ಆತು. ಡಾಕ್ಟರಬಾಯಿ ಏನಂದ್ರು? ಸಣ್ಣದ ಇತ್ತು, ವ್ಯಾಳ್ಯಾಕ್ಕ ಬಂದ್ರಿ, ಮುಂದ ಹೋಗಿದ್ದಿಲ್ಲ ಅಂದ್ರಲ್ಲ? ಅಜಿಂಕ್ಯಾ ಅತ್ತ ನೋಡ, ಹುಚ್ಚ ಕೂಸ. ಸೊಸಿ ಎರಡ ರಾತ್ರಿ ದವಾಖಾನ್ಯಾಗ ಕುಂತಿದ್ಲು, ಅದನ್ನೂ ಹೇಳಬೇಕ..."

ಬೇಕೆಂದೇ ಗಟ್ಟಿಯಾಗಿ, ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದಳು. ಅಷ್ಟರಲ್ಲಿ ಅವಳು ಕಿವಿಗೆ ಹಿಡಿದಿದ್ದ ಫೋನು ಜೋರಾಗಿ ರಿಂಗಾಯಿತು.

ಬಸ್ಸಿನಲ್ಲಿ ಒಂದಿಬ್ಬರು ತಿರುಗಿ ನೋಡಿದರು. ಸಖುಬಾಯಿ ಗಡಬಡಿಸಿ ಗುಂಡಿ ಒತ್ತಿದಳು. "ಬಂದೆ ಸೋನಲ, ವಿಜಯನಗರ ದಾಟಿತು" ಎಂದು ಮರಾಠಿಯಲ್ಲಿ ಹೇಳಿ ಕಟ್ ಮಾಡಿದಳು. ಕಿಟಕಿಯ ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು. ಹೊರಗೆ ನೋಡುತ್ತಿದ್ದಳು, ಕಿವಿ ಕೆಂಪಗಾಗಿತ್ತು.

ನಾನು ತಿರುಗಲಿಲ್ಲ. ಚೀಲದಿಂದ ನನ್ನ ಫೋನು ತೆಗೆದು ಕಿವಿಗೆ ಹಿಡಿದೆ. ನನಗೆ ಯಾರೂ ಫೋನು ಮಾಡುವುದಿಲ್ಲ, ಹಾಗಾಗಿ ಅದು ರಿಂಗಾಗುವ ಭಯವಿರಲಿಲ್ಲ.

"ಹಲೋ. ಹೂಂ ರೀ, ಕೇಳಸ್ತು. ಭಾಳ ಛಲೋ ಆತು. ಎರಡ ತಿಂಗಳ ಅವರಿಗೆ ನೀರಿನ ಕೊಡಾ ಎತ್ತಗೊಡಬ್ಯಾಡ್ರಿ. ಕೆಮ್ಮ ಬಂದ್ರ ಹೊಟ್ಟಿ ಮ್ಯಾಲ ತಲದಿಂಬ ಹಿಡಕೊಂಡು ಕೆಮ್ಮಾಕ ಹೇಳ್ರಿ. ಮತ್ತ ಕೆಂಪ ಕಂಡ್ರ, ಜ್ವರ ಬಂದ್ರ, ಅವತ್ತ ಹೋಗ್ರಿ. ಹಬ್ಬ ಗಿಬ್ಬ ನೋಡಬ್ಯಾಡ್ರಿ."

ಮಿರಜ ಬಂತು. ಸಖುಬಾಯಿ ಕಂಬ ಹಿಡಿದು ಮೆಲ್ಲಗೆ ಇಳಿದಳು. ನನ್ನ ಕಡೆ ನೋಡಲಿಲ್ಲ, ರಿಕ್ಷಾಗಳ ನಡುವೆ ಹಾದು ಹೋದಳು. ನಾನು ಕೂತೇ ಇದ್ದೆ. ಕಂಡಕ್ಟರ್ ಬಂದು, "ಮಾವಶಿ, ಇಳಿಯಿರಿ, ಈ ಗಾಡಿ ಇನ್ನು ಡೆಪೋಗೆ" ಎಂದ. ಇಳಿದೆ. ಸ್ಟ್ಯಾಂಡಿನ ಗಡಿಯಾರದಲ್ಲಿ ಹತ್ತೂಮುಕ್ಕಾಲು. ಇನ್ನೂ ಇಡೀ ಭಾನುವಾರ ಬಾಕಿ ಇತ್ತು.