ರಾಯ್ಸ್ ಬಿಟ್ಟ ಜಾಗ

"ನಿಲ್ಲಿಸು, ಅಲ್ಲೇ ನಿಲ್ಲಿಸು," ಎಂದರು ಕೋಚ್ ಹ್ಯಾಗರ್ಟಿ. ಪರದೆಯ ಮೇಲೆ ರಾಯ್ಸ್ ಹಾಲ್ಡೇನ್ ಅರ್ಧ ತಿರುಗಿದವನು ಹಾಗೆಯೇ ನಿಂತುಬಿಟ್ಟ. ಹೆಲ್ಮೆಟ್ಟಿನ ಸರಳುಗಳ ಹಿಂದೆ ಅವನ ಕಣ್ಣು ಮೈದಾನದ ಅಂಚಿನ ಕಡೆಗಿತ್ತು.

"ನನ್ನ ಸನ್ನೆ ಒಂದು ಸಲ ನೋಡಿದ, ಆಯ್ತು. ಮತ್ತೆ ಯಾಕೆ ನೋಡ್ತಿದಾನೆ ಹೇಳಿ? ಎದುರಿನವರನ್ನ ಗಲಿಬಿಲಿ ಮಾಡೋಕೆ. ಹದಿನಾರು ವರ್ಷ ಸುಮ್ನೆ ಆಡಿದ್ನಾ?"

ಟೆಕ್ಸಾಸಿನಿಂದ ಹೊಸದಾಗಿ ಬಂದಿದ್ದ ಪೆಟಿಸ್ ಅದನ್ನು ಶ್ರದ್ಧೆಯಿಂದ ಬರೆದುಕೊಂಡ. ಪಕ್ಕದಲ್ಲಿದ್ದ ವೆಂಡೆಲ್ ಕೊವಾಚ್ ತಲೆ ತಗ್ಗಿಸಿದ. ಆ ಕಣ್ಣು ಹುಡುಕುತ್ತಿದ್ದುದು ತನ್ನನ್ನು.

ಒಹಾಯೊ ನದಿಯ ದಂಡೆಯ ಆ ಉಕ್ಕಿನ ಊರಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹದಿನಾರು ವರ್ಷ ರಾಯ್ಸ್ ಒಬ್ಬನೇ ಕ್ವಾರ್ಟರ್‌ಬ್ಯಾಕ್. ಪ್ರತಿ ಸಲವೂ ಚೆಂಡು ಮೊದಲು ಅವನ ಕೈಗೆ, ಎದುರಾಳಿಗಳೆಲ್ಲ ಅವನ ಮೈಮೇಲೆ. ಫೆಬ್ರವರಿಯಲ್ಲಿ ಅವನು ನಿವೃತ್ತನಾದ. ಈಗ ಏಪ್ರಿಲ್, ಅವನ ಜಾಗಕ್ಕೆ ಇನ್ನೊಬ್ಬ ಬೇಕು. ತೋಳಿನಲ್ಲಿ ಬಲವಿದ್ದರೂ ತಾಳ್ಮೆ ಸಾಲದ ಪೆಟಿಸ್. ಎರಡು ಸಲ ಮೊಣಕಾಲು ಕೊಯ್ಸಿಕೊಂಡಿದ್ದರಿಂದ ಬೇರೆ ತಂಡ ಬಿಟ್ಟುಕೊಡಲು ತಯಾರಿದ್ದ ಹಳಬನೊಬ್ಬ. ಇಲ್ಲವೆ, ಒಂಬತ್ತು ವರ್ಷ ರಾಯ್ಸ್‌ನ ಬದಲಿಯಾಗಿ ಬೆಂಚು ಕಾಯ್ದ ವೆಂಡೆಲ್. ಕೋಚ್‌ಗೆ ಇದ್ದದ್ದು ಇಷ್ಟೇ.

ಪೆಟಿಸ್ ಹೊರಗೆ ಹೋದಮೇಲೆ ಕೋಚ್ ದೀಪ ಹಾಕಿದರು. "ನಿನಗೇ ಕೊಡೋಣ ಅಂತಿದೀನಿ. ಏನಂತೀಯ?"

ಈ ಮಾತಿಗಾಗಿ ಒಂಬತ್ತು ವರ್ಷ ಕಾದಿದ್ದ ವೆಂಡೆಲ್ ಎದ್ದು ನಿಂತ. "ನಾಳೆ ಹೇಳ್ತೀನಿ ಕೋಚ್."

"ನಾಳೆ ಯಾಕಯ್ಯಾ? ಬೆಂಚು ಅಷ್ಟು ಹಿಡಿಸಿಬಿಡ್ತಾ?"

ಹೊರಗೆ, ಗಾಡಿ ನಿಲ್ಲಿಸುವ ಕಡೆ, ಮೊದಲನೆಯ ಜಾಗದಲ್ಲಿ ರಾಯ್ಸ್‌ನ ಟ್ರಕ್ಕು ನಿಂತಿತ್ತು. ಗೋಡೆಯಿಂದ ಅವನ ಹೆಸರಿನ ಫಲಕ ತೆಗೆದಿದ್ದರು. ತಿರುಪಿನ ನಾಲ್ಕು ತೂತು ಮಾತ್ರ ಉಳಿದಿದ್ದವು. ಒಳಗೆ ರಾಯ್ಸ್ ಆಟದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಡ್ರೆಸ್ಸಿಂಗ್ ರೂಮ್ ಬಾಗ್ಲು ತೆಗೀತಿಲ್ವಲ್ಲೋ ವೆನ್. ಕಾರ್ಡು ಕೆಟ್ಟೋಗಿದೆ ಅನ್ಸುತ್ತೆ."

"ಇವತ್ತು ಪ್ರಾಕ್ಟೀಸ್ ಇಲ್ಲ ರಾಯ್ಸ್."

"ನಂಗ್ಯಾರೂ ಹೇಳ್ಲೇ ಇಲ್ಲ." ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿದ. "ಭಾನುವಾರದ ಪಂದ್ಯಕ್ಕೆ ನೀನಿರ್ತೀಯಲ್ಲ, ಅಂಚಲ್ಲಿ? ಹಂಗಾದ್ರೆ ಸರಿ ಬಿಡು."

ವೆಂಡೆಲ್ ಅವನನ್ನು ಪಕ್ಕಕ್ಕೆ ಸರಿಸಿ ತಾನೇ ಟ್ರಕ್ಕು ಓಡಿಸಿದ. ಎರಡು ವರ್ಷದ ಹಿಂದಿನ ನವೆಂಬರ್ ಅವನ ಕಣ್ಣಮುಂದೆ ಬಂತು. ಹಿಂದಿನಿಂದ ತಲೆಗೆ ಹೊಡೆತ ತಿಂದು ಎದ್ದುಬಂದ ರಾಯ್ಸ್ ಬೆಂಚಿನ ಮೇಲೆ ಕೂತು ಪಿಸುಗುಟ್ಟಿದ್ದ: "ಕೋಚ್ ಸನ್ನೆ ಕಾಣ್ಸುತ್ತೆ ವೆನ್, ಚೆಂಡು ಯಾವ ಕಡೆ ಎಸೀಬೇಕು ಅಂತ ಹೊಳೀತಿಲ್ಲ. ಯಾರ್ಗೂ ಹೇಳ್ಬೇಡ." ಅಂದಿನಿಂದ ಕೋಚ್‌ನ ಸನ್ನೆ ಮುಗಿದಮೇಲೆ ವೆಂಡೆಲ್‌ನದೊಂದು ಸನ್ನೆ. ಎಡಗಿವಿ ಮುಟ್ಟಿದರೆ ಎಡಕ್ಕೆ ಎಸೆ, ಟೋಪಿ ಎತ್ತಿದರೆ ಉದ್ದಕ್ಕೆ. ಹೀಗೆ ಇಪ್ಪತ್ತಾರು ಪಂದ್ಯ. ಎಷ್ಟು ಸಲ ರಾಯ್ಸ್‌ನನ್ನು ನೆಲಕ್ಕೆ ಕೆಡವಿದರೋ, ಆ ಸದ್ದು ಮಾತ್ರ ವೆಂಡೆಲ್‌ನ ನಿದ್ದೆಯೊಳಗೂ ಬರುತ್ತಿತ್ತು. ಬಾಯಿಬಿಟ್ಟಿದ್ದರೆ ಆ ಜಾಗ ಅಂದೇ ತನ್ನದಾಗುತ್ತಿತ್ತು. ಜಾಗದ ಆಸೆಗೆ ಹೇಳಿದ ಎಂದಾರು ಎಂದು ಸುಮ್ಮನಿದ್ದ. ಆ ಹೆದರಿಕೆಯನ್ನೇ ಸ್ನೇಹ ಎಂದುಕೊಂಡಿದ್ದ.

ರಾಯ್ಸ್‌ನ ಹೆಂಡತಿ ಲೊರೇನ್ ಮನೆಯ ಬಾಗಿಲಲ್ಲಿ ಕಾಯುತ್ತಿದ್ದಳು. ಗಂಡನ ಕೈಯಿಂದ ಚೀಲ ಇಳಿಸಿಕೊಂಡು, "ಹುಲ್ಲು ಬೆಳೆದಿದೆ ನೋಡು, ಸ್ವಲ್ಪ ಕತ್ತರಿಸ್ತೀಯಾ?" ಎಂದು ಅಂಗಳಕ್ಕೆ ಕಳಿಸಿದಳು. ಕಾಫಿ ಸುರಿದು ವೆಂಡೆಲ್‌ನ ಎದುರು ಕೂತಳು. ಹೊರಗೆ ಯಂತ್ರ ಶುರುವಾದಮೇಲೆ ಅವನು ಎಲ್ಲವನ್ನೂ ಹೇಳಿದ.

"ನಾನು ಬೈತೀನಿ ಅಂದ್ಕೊಂಡ್ಯಾ?" ಎಂದಳು ಅವಳು. "ಅವನಿಗೆ ಯಾರ ಹೆಸರೂ ನೆನಪಿರ್ತಿರ್ಲಿಲ್ಲ, ಔತಣಕ್ಕೆ ಹೋದ್ರೆ ನಾನು ಪಕ್ಕದಲ್ಲೇ ನಿಂತಿರ್ತಿದ್ದೆ. 'ಅರೆ, ಮಿಸೆಸ್ ಡೋರನ್ ಬಂದ್ರು' ಅಂತ ಜೋರಾಗಿ ಅನ್ನೋದು. ಅವನು ನಗ್ತಾ ಕೈ ಕುಲುಕೋನು. ನಾವಿಬ್ರೂ ಸೇರಿ ಅವನನ್ನ ಎಷ್ಟು ಚೆನ್ನಾಗಿ ಆಡಿಸಿದ್ವಿ, ವೆಂಡೆಲ್!"

ವೆಂಡೆಲ್ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಜಾಗ ನಿಂಗೇ ಸಿಗ್ಬಹುದು ಅಂತ ಪೇಪರಲ್ಲಿತ್ತು. ನಿನ್ನ ತಲೆ ಹೇಗಿದೆ?"

"ಚೆನ್ನಾಗಿದೆ."

"ಅವನೂ ಹಾಗೇ ಅಂತಿದ್ದ."

ವೆಂಡೆಲ್ ಅಲ್ಲಿಂದಲೇ ಕೋಚ್‌ಗೆ ಫೋನು ಮಾಡಿದ. ರಾಯ್ಸ್ ಎರಡನೆಯ ಸಲ ಯಾಕೆ ತಿರುಗಿ ನೋಡುತ್ತಿದ್ದ ಎಂಬುದನ್ನು ಹೇಳಿದ. 

"ಅವನನ್ನ ಮೈದಾನಕ್ಕೆ ಕಳಿಸ್ತಾ ಇದ್ದೋನು ನಾನಲ್ವೇನಯ್ಯಾ," ಎಂದರು ಕೋಚ್. ಆಮೇಲೆ ದನಿ ತಗ್ಗಿಸಿ, "ಈಗ ಇದು ನಮ್ಮಲ್ಲೇ ಇರ್ಲಿ."

"ಇಲ್ಲ ಕೋಚ್. ಲೀಗಿನ ಡಾಕ್ಟರಿಗೆ ಬರೆದುಕೊಡ್ತೀನಿ. ಆಟದಿಂದಲೇ ಹೀಗಾಯ್ತು ಅನ್ನೋ ದಾಖಲೆ ಅವನ ಚಿಕಿತ್ಸೆಗಾದ್ರೂ ಬೇಕಲ್ಲ."

"ಬರೆದುಕೊಟ್ರೆ ನಿನ್ನನ್ನ ಯಾವ ತಂಡದೋರೂ ಮುಟ್ಟಲ್ಲ. ಗೊತ್ತು ತಾನೇ?"

"ಗೊತ್ತು. ಪೆಟಿಸ್‌ಗೆ ಕೊಡಿ. ಮೊದಲನೇ ದಿನಾನೇ ಅವನ ತಲೆ ಪರೀಕ್ಷೆ ಮಾಡ್ಸಿ. ಪ್ರತಿ ತಿಂಗಳೂ ಮಾಡ್ಸಿ."

ವೆಂಡೆಲ್ ಫೋನು ಇಟ್ಟ. ಮೂವತ್ತಮೂರು ವರ್ಷ, ಎಸೆಯುವುದು ಬಿಟ್ಟು ಬೇರೇನೂ ಕಲಿತವನಲ್ಲ. ಲೊರೇನ್ ಡ್ರಾಯರಿನಿಂದ ಕಾಗದ, ಪೆನ್ನು ತಂದು ಅವನ ಮುಂದಿಟ್ಟಳು. "ನಾನೂ ಸಹಿ ಹಾಕ್ತೀನಿ," ಎಂದಳು. ಅವನು ಬರೆಯುತ್ತ ಹೋದ. ಅವಳು ತಾರೀಖುಗಳನ್ನು ನೆನಪು ಮಾಡಿಕೊಟ್ಟಳು. ಎರಡನೆಯ ಪುಟ ಮುಗಿಯುವ ಹೊತ್ತಿಗೆ ಯಂತ್ರದ ಸದ್ದು ದೂರ ಹೋಗಿರುವುದು ಇಬ್ಬರಿಗೂ ಒಟ್ಟಿಗೇ ಗಮನಕ್ಕೆ ಬಂತು.

ಹೊರಬಾಗಿಲಿಗೆ ಬಂದು ನೋಡಿದರು. ಅವರ ಅಂಗಳದ ಹುಲ್ಲೆಲ್ಲ ಒಂದೇ ಸಮನಾಗಿತ್ತು. ಅಲ್ಲಿಂದ ಪಕ್ಕದ ಮನೆಯ ಹುಲ್ಲಿನ ಮೇಲೆ ಒಂದು ನೇರ ಪಟ್ಟಿ, ಅದರಾಚೆಯ ಮನೆಯ ಮೇಲೂ ಅದೇ ಪಟ್ಟಿ. ರಾಯ್ಸ್ ಯಂತ್ರವನ್ನು ತಳ್ಳಿಕೊಂಡು ತಲೆ ಎತ್ತದೆ ಹೋಗುತ್ತಿದ್ದ. ತಮ್ಮ ತಮ್ಮ ಮೆಟ್ಟಿಲ ಮೇಲೆ ಬಂದು ನಿಂತ ನೆರೆಯವರು ಯಾರೂ ಅವನನ್ನು ಕೂಗಲಿಲ್ಲ. ನಾಲ್ಕನೆಯ ಮನೆಯ ಹೆಂಗಸು ಓಡಿಬಂದು, ತನ್ನ ಅಂಗಳದಲ್ಲಿ ಬಿದ್ದಿದ್ದ ಮೂರು ಗಾಲಿಯ ಸೈಕಲನ್ನು ಎತ್ತಿ ಎದೆಗೊತ್ತಿಕೊಂಡು, ಅವನಿಗೆ ದಾರಿ ಬಿಟ್ಟು ನಿಂತಳು.